ವಲಸೆ ಕಥನದಲ್ಲಿ ವಿಜಯನಗರ

ಕಮಲಾಪುರ, ಹಂಪಿ, ಆನೆಗೊಂದಿಗಳ ಸುತ್ತ ಹರಡಿರುವ ವಿಜಯನಗರದ ಅವಶೇಷಗಳು ವಸಾಹತೋತ್ತರ ಸಾಹಿತ್ಯದಲ್ಲಿ, ಅದರಲ್ಲೂ ನೆಲೆ ಬಿಟ್ಟವರ ಬರವಣಿಗೆಯಲ್ಲಿ, ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಹುಟ್ಟಿದ ನಾಡಿನಿಂದ ದೂರ ಉಳಿದ ಲೇಖಕರು ಈ ಊರನ್ನು ಕಂಡ ಬಗೆಗೂ ಇದೇ ಸೀಮೆಯಲ್ಲಿ ಹುಟ್ಟಿದವರು ಕಂಡ ಬಗೆಗೂ ಬಹಳ ಅಂತರವಿದೆ.

ಶಾಸನಗಳೂ ಕಾವ್ಯಗಳೂ ಅರಸರ ದಾನ, ದಿಗ್ವಿಜಯಗಳನ್ನು ಹೇಳಿದರೆ, ಇಲ್ಲಿನ ಪೇಟೆಬೀದಿಯ ಗದ್ದಲವನ್ನು ಬರೆದಿಟ್ಟವರು ಹೆಚ್ಚಾಗಿ ಪರಸ್ಥಳದವರು: 1443ರಲ್ಲಿ ಹೆರಾತಿನ ದೊರೆಯ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್, 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯೆಸ್, ಅವನ ನಂತರ ಬಂದ ನ್ಯೂನಿಜ್. ಪೋರ್ಚುಗೀಸರಿಬ್ಬರ ಬರಹಗಳು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದವು. ರಾಬರ್ಟ್ ಸೂಯೆಲ್ 1900ರಲ್ಲಿ ಅವನ್ನು ಇಂಗ್ಲಿಷಿಗೆ ತಂದ. ಮುಂದೆ ವಿಜಯನಗರದ ಬಗ್ಗೆ ಕಥೆ ಕಟ್ಟಿದವರಲ್ಲಿ ಸೂಯೆಲನ ಪುಸ್ತಕದ ಋಣವಿಲ್ಲದವರು ಕಡಿಮೆ.

ಟ್ರಿನಿಡಾಡಿಗೆ ಕರಾರು ಕೂಲಿಗಳಾಗಿ ಹೋದವರ ಕುಲದಲ್ಲಿ 1932ರಲ್ಲಿ ಹುಟ್ಟಿದ ವಿ. ಎಸ್. ನೈಪಾಲ್, 1977ರಲ್ಲಿ ಭಾರತವನ್ನು ಗಾಯಗೊಂಡ ನಾಗರಿಕತೆ ಎಂದು ಕರೆದು ಬರೆದ ಪುಸ್ತಕವನ್ನು ವಿಜಯನಗರದಿಂದಲೇ ಶುರುಮಾಡಿದರು. ಅದು ಕಾದಂಬರಿಯಲ್ಲ, ಆದರೂ ಕಲ್ಪನೆಯ ಪಾಲು ಅದರಲ್ಲಿ ದೊಡ್ಡದು. ದಖ್ಖನಿನ ಸುಲ್ತಾನರ ಎದುರು ವಿಜಯನಗರ ಸೋತ 1565ರ ಯುದ್ಧದ ನಂತರ ಇಲ್ಲಿ ಉಳಿದದ್ದು ಬರೀ ಸೋಲು ಎಂಬುದು ಅವರ ನೋಟ. ಕಮಲಾಪುರದ ಕಡೆಯಿಂದ ಒಳಗೆ ಬರುವವರಿಗೆ ಕಾಣುವ ಆನೆಲಾಯ, ಕಮಲಮಹಲುಗಳ ಕಮಾನುಗಳು ಬೇರೆ ಮಾತು ಹೇಳುತ್ತವೆ: ಈ ರಾಜಧಾನಿ ಸುಲ್ತಾನರ ನಾಡಿನ ಶೈಲಿಯನ್ನು ತನ್ನದಾಗಿಸಿಕೊಂಡಿತ್ತು. ಕಳೆದುಹೋದ ತವರೊಂದನ್ನು ಅರಸಿ ಬಂದ ನೈಪಾಲರ ದುಃಖ ನಿಜ. ಆದರೆ ಅವರು ಕೊಟ್ಟ ಚರಿತ್ರೆ ಒಪ್ಪತಕ್ಕದ್ದಲ್ಲ.

ಸಲ್ಮಾನ್ ರಶ್ದಿಯವರದು ಇನ್ನೊಂದು ದಾರಿ. 1947ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಹದಿಹರೆಯದಲ್ಲೇ ಇಂಗ್ಲೆಂಡಿಗೆ ಹೋಗಿ, ಮುಂದೆ ನ್ಯೂಯಾರ್ಕಿನಲ್ಲಿ ನೆಲೆಸಿದವರು. ಬಿಟ್ಟುಬಂದ ಊರು ಹಾಗೆಯೇ ಮರಳಿ ದಕ್ಕುವುದಿಲ್ಲ, ವಲಸಿಗ ಬರಹಗಾರ ಮನಸ್ಸಿನಲ್ಲಿ ತನ್ನದೇ ತವರನ್ನು ಕಟ್ಟಿಕೊಳ್ಳುತ್ತಾನೆ ಎಂದು 1982ರಲ್ಲೇ ಅವರು ವಾದಿಸಿದ್ದರು. 2023ರ ಫೆಬ್ರವರಿಯಲ್ಲಿ ಬಂದ ‘ವಿಕ್ಟರಿ ಸಿಟಿ’ ಆ ವಾದಕ್ಕೆ ಕಥೆಯ ರೂಪ ಕೊಟ್ಟಿತು. ಚಿಕ್ಕ ರಾಜ್ಯವೊಂದು ಸೋತಾಗ ಬೆಂಕಿಗೆ ನಡೆದ ತಾಯಿಯನ್ನು ಕಣ್ಣಾರೆ ಕಂಡ ಒಂಬತ್ತು ವರ್ಷದ ಪಂಪಾ ಕಂಪನ ಅದರ ನಾಯಕಿ. 1327ರಲ್ಲಿ ತುಘಲಕ್ ಸೈನ್ಯಕ್ಕೆ ಬಿದ್ದ ಕಂಪಿಲಿ, ಅಂದರೆ ನೆರೆಯ ಕಂಪ್ಲಿಯ ರಾಜ್ಯ, ಈ ಪ್ರಸಂಗದ ಹಿಂದಿದೆ. ಅವಳು ಕೊಟ್ಟ ಬೀಜಗಳಿಂದ ನಗರ ಒಂದೇ ದಿನದಲ್ಲಿ ಮೇಲೇಳುತ್ತದೆ. ಆದರೆ ಅಲ್ಲಿನ ಜನಕ್ಕೆ ನೆನಪುಗಳೇ ಇಲ್ಲ. ಅವರವರ ಹುಟ್ಟು, ಮನೆತನ, ಕಸುಬುಗಳ ಕಥೆಯನ್ನು ಅವಳು ಕಿವಿಯಲ್ಲಿ ಪಿಸುಗುಡುತ್ತಾಳೆ. ಅಲ್ಲಿಂದ ಅವರು ಮನುಷ್ಯರಾಗಿ ಬದುಕತೊಡಗುತ್ತಾರೆ. ಹೊಸ ಊರಿಗೆ ಬರಿಗೈಯಲ್ಲಿ ಬಂದಿಳಿದವರ ಪಾಡನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪ್ರಸಂಗ ವಲಸೆ ಸಾಹಿತ್ಯದಲ್ಲಿ ಅಪರೂಪ. ಆದರೆ ಪಂಪಾ ಕಂಪನ ಬರೆಯುವುದು ಸಂಸ್ಕೃತದಲ್ಲಿ; ಈ ಸೀಮೆಯ ಕನ್ನಡ, ತೆಲುಗುಗಳ ಸದ್ದು ಕಾದಂಬರಿಯ ಅಂಚಿನಲ್ಲೇ ಉಳಿಯುತ್ತದೆ.

ಆ ಸದ್ದು ತುಂಬಿಕೊಂಡಿರುವುದು 1969ರಲ್ಲಿ ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರರ ‘ತೇಜೋ ತುಂಗಭದ್ರಾ’ದಲ್ಲಿ (2019). ಲಿಸ್ಬನ್ನಿನ ತೇಜೋ ನದಿಯ ದಡದ ಬೆಲ್ಲಾ, ಗೇಬ್ರಿಯಲ್ ಒಂದು ಕಡೆ, ತುಂಗಭದ್ರೆಯ ದಡದ ತೆಂಬಕಪುರದ ಹಂಪಮ್ಮ ಇನ್ನೊಂದು ಕಡೆ. 1492ರಲ್ಲಿ ಸ್ಪೇನ್ ಯೆಹೂದ್ಯರನ್ನು ಹೊರದಬ್ಬಿತು, 1497ರಲ್ಲಿ ಪೋರ್ಚುಗಲ್ ಅವರನ್ನು ಬಲವಂತದಿಂದ ಮತಾಂತರಿಸಿತು. ಬೆಲ್ಲಾಳ ಬದುಕಿನ ಮೇಲೆ ಈ ಕಾಲದ ನೆರಳಿದೆ. ಹಣ ಗಳಿಸಲು ಹಡಗು ಹತ್ತಿದ ಗೇಬ್ರಿಯಲ್ ಈ ನೆಲದಲ್ಲಿ ಧರ್ಮ, ಹೆಸರು ಎರಡನ್ನೂ ಕಳೆದುಕೊಳ್ಳುತ್ತಾನೆ. ವೈಭವದ ವರ್ಣನೆಗೆ ಮರುಳಾಗದೆ ಸತಿ ಪದ್ಧತಿ, ಒಡೆಯನಿಗಾಗಿ ಪ್ರಾಣ ಕೊಡುವ ಲೆಂಕರ ಬಲಿದಾನಗಳ ಕ್ರೌರ್ಯವನ್ನೂ ಕಾದಂಬರಿ ನೇರವಾಗಿ ತೋರಿಸುತ್ತದೆ. ಪಾಯೆಸನಂಥವರು ಇಲ್ಲಿಗೆ ಬಂದು ನೋಡಿ ಬರೆದರೆ, ಇಲ್ಲಿಯವರೊಬ್ಬರು ಲಿಸ್ಬನ್ನನ್ನು ಕನ್ನಡದಲ್ಲಿ ಬರೆದರು. ಈ ಪರಂಪರೆಯಲ್ಲಿ ಇದೇ ಅತಿ ಮುಖ್ಯ ತಿರುವು.

ಕಥೆಗಳಾಚೆ, ಸ್ವಾತಂತ್ರ್ಯಾನಂತರದ ನಿಜ ವಲಸೆಗಳೂ ಇಲ್ಲಿ ಸಣ್ಣವಲ್ಲ. 1953ರಲ್ಲಿ ತುಂಬತೊಡಗಿದ ತುಂಗಭದ್ರಾ ಜಲಾಶಯಕ್ಕಾಗಿ ಹಲವು ಹಳ್ಳಿಗಳು ಮುಳುಗಿದವು. ಕಾಲುವೆ ನೀರನ್ನು ನಂಬಿ ಆಂಧ್ರದಿಂದ ಬಂದ ರೈತರು ಗಂಗಾವತಿ, ಸಿಂಧನೂರುಗಳ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಿಂಧನೂರಿನ ಬಳಿ ನೆಲೆ ಸಿಕ್ಕಿತು. ನೀರಾವರಿ ತಲುಪದ ಊರುಗಳವರು ಇಂದಿಗೂ ಗುಳೆ ಹೋಗುತ್ತಾರೆ. 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದ ಕುಟುಂಬಗಳನ್ನು ಎಬ್ಬಿಸಲಾಯಿತು.

ಕ್ಯಾಂಪುಗಳ ಮೊದಲ ತಲೆಮಾರು ಈಗ ಮುಪ್ಪಿನಲ್ಲಿದೆ. ಅವರ ನೆನಪುಗಳನ್ನು ಅವರವರ ಮಾತಿನಲ್ಲೇ ದಾಖಲಿಸುವ ಕೆಲಸ ತಡವಾಗಬಾರದು. 1991ರಲ್ಲಿ ಸ್ಥಾಪನೆಯಾಗಿ ಕಮಲಾಪುರದ ಪಕ್ಕದಲ್ಲೇ ಇರುವ ಕನ್ನಡ ವಿಶ್ವವಿದ್ಯಾಲಯ ಇದನ್ನು ಕೈಗೆತ್ತಿಕೊಳ್ಳಬೇಕು.