ಎಕ್ಲೇಸಿಯ: ಜನವೋ, ಮನೆಯೋ?

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ‘ಎಕ್ಲೇಸಿಯ’ ಎಂಬ ಪದವು ಕೂಡಿಬಂದ ಜನರನ್ನು ಸೂಚಿಸುತ್ತದೆಯೇ ಹೊರತು ಕಟ್ಟಡವನ್ನಲ್ಲ. ಅಥೆನ್ಸಿನ ಪೌರಸಭೆಗೂ ಇದೇ ಹೆಸರಿತ್ತು. ಪೌಲನ ಸಂಗಡಿಗರನ್ನು ಎಳೆದೊಯ್ದು ಎಫೆಸದ ನಾಟಕಶಾಲೆಯಲ್ಲಿ ಗದ್ದಲವೆಬ್ಬಿಸಿದ ಗುಂಪನ್ನೂ ಲೂಕನು ಈ ಪದದಿಂದಲೇ ಕರೆದಿದ್ದಾನೆ.

ಲ್ಯಾಟಿನ್ ಭಾಷೆ ಇದನ್ನು ಅನುವಾದಿಸದೆ ಹಾಗೆಯೇ ಸ್ವೀಕರಿಸಿತು. ಫ್ರೆಂಚಿನ ‘ಎಗ್ಲೀಸ್’, ಇಟಾಲಿಯನ್ನಿನ ‘ಕಿಯೇಸ’, ಪೋರ್ಚುಗೀಸಿನ ‘ಇಗ್ರೇಜ’ ಅದರ ಸಂತತಿ; ನಮ್ಮ ಕರಾವಳಿಯ ಕ್ಯಾಥೊಲಿಕರ ‘ಇಗರ್ಜಿ’ ಈ ಪೋರ್ಚುಗೀಸ್ ಪದದಿಂದಲೇ ಬಂದದ್ದು. ಉತ್ತರದ ಜನಾಂಗಗಳು ಬೇರೊಂದು ಗ್ರೀಕ್ ಪದವನ್ನು ಹಿಡಿದವು. ‘ಕುರಿಯಕೋನ್’ ಎಂದರೆ ಕರ್ತನಿಗೆ ಸೇರಿದ್ದು, ಅಂದರೆ ಆತನ ಮನೆ. ಜರ್ಮನಿನ ‘ಕಿರ್ಖೆ’, ಡಚ್ಚರ ‘ಕೆರ್ಕ್’, ಇಂಗ್ಲಿಷಿನ ‘ಚರ್ಚ್’ ಅದರಿಂದ ಹುಟ್ಟಿದವು. ರೊಮೇನಿಯನ್ನರ ‘ಬಿಸೆರಿಕ’ಕ್ಕೆ ರೋಮಿನ ಬಸಿಲಿಕವೆಂಬ ಸಾರ್ವಜನಿಕ ಭವನವೇ ಮೂಲ. ಹೀಗೆ ಒಂದೆಡೆ ಜನರ ಹೆಸರು ಕಟ್ಟಡಕ್ಕೆ ಬಂತು. ಇನ್ನೊಂದೆಡೆ ಕಟ್ಟಡದ ಹೆಸರು ಜನರಿಗೆ ಬಂತು.

ಇದು ಕೇವಲ ಪದಕೋಶದ ಕುತೂಹಲವಾಗಿ ಉಳಿಯಲಿಲ್ಲ. ಲೂಥರನು ತನ್ನ 1522ರ ಹೊಸ ಒಡಂಬಡಿಕೆಯಲ್ಲಿ ‘ಗೆಮೈನೆ’, ಅಂದರೆ ಸಮುದಾಯ, ಎಂದು ಬರೆದನು. ‘ಕಿರ್ಖೆ’ ಎಂದೊಡನೆ ಸಾಮಾನ್ಯನು ಕಲ್ಲಿನ ಮನೆಯನ್ನು ನೆನೆಯುತ್ತಾನೆಂದು 1539ರಲ್ಲಿಯೂ ಆತನು ಆಕ್ಷೇಪಿಸಿದನು. 1526ರಲ್ಲಿ ಟಿಂಡೇಲನು ಇಂಗ್ಲಿಷಿನಲ್ಲಿ ‘ಚರ್ಚ್’ ಬಿಟ್ಟು ‘ಕಾಂಗ್ರಿಗೇಷನ್’ ಎಂಬುದನ್ನು ಆರಿಸಿಕೊಂಡನು. ಥಾಮಸ್ ಮೋರನು 1529ರಲ್ಲಿ ಇದನ್ನು ಕಟುವಾಗಿ ಖಂಡಿಸಿದನು. ಆತನ ಆತಂಕ ನಿರಾಧಾರವಲ್ಲ ಎಂದೇ ನನ್ನ ಅಭಿಪ್ರಾಯ: ‘ಎಕ್ಲೇಸಿಯ’ ಎಂದರೆ ನೆರೆದ ವಿಶ್ವಾಸಿಗಳು ಎಂದಾದರೆ, ಅವರ ಪರವಾಗಿ ತೀರ್ಪು ನುಡಿಯುವ ಅಧಿಕಾರ ಯಾರದೆಂಬ ಪ್ರಶ್ನೆ ತಾನಾಗಿ ಏಳುತ್ತದೆ. ಟಿಂಡೇಲನು ಬಯಸಿದ್ದೂ ಅದನ್ನೇ. 1536ರಲ್ಲಿ ಆತನು ಪಾಷಂಡಿಯೆಂದು ಮರಣದಂಡನೆಗೆ ಗುರಿಯಾದನು.

1611ರ ಇಂಗ್ಲಿಷ್ ಬೈಬಲನ್ನು ಸಿದ್ಧಪಡಿಸಿದವರಿಗೆ ವಿಧಿಸಿದ ನಿಯಮಗಳಲ್ಲಿ ಒಂದು ಈ ವಿವಾದವನ್ನೇ ಕುರಿತದ್ದು: ಹಳೆಯ ಸಭಾಪದಗಳನ್ನು ಉಳಿಸಬೇಕು, ‘ಚರ್ಚ್’ ಎಂಬಲ್ಲಿ ‘ಕಾಂಗ್ರಿಗೇಷನ್’ ಬರಕೂಡದು. ಆದರೂ ಎಫೆಸದ ಪ್ರಸಂಗ ಬಂದಾಗ ಅವರ ಲೇಖನಿ ವಿಚಿತ್ರವಾಗಿ ಹರಿಯಿತು. ಅಪೊಸ್ತಲರ ಕೃತ್ಯಗಳು 19:39ರಲ್ಲಿ ಮೂಲದ ‘ಎಕ್ಲೇಸಿಯ’ ಅವರಿಗೆ ‘ಅಸೆಂಬ್ಲಿ’ಯಾಯಿತು. ಅದಕ್ಕೆ ಎರಡೇ ವಚನಗಳ ಹಿಂದೆ, ಮೂಲದಲ್ಲಿ ‘ಎಕ್ಲೇಸಿಯ’ದ ಸುಳಿವೇ ಇಲ್ಲದಲ್ಲಿ, ದೇವಾಲಯಗಳನ್ನು ದೋಚುವವರನ್ನು ಅವರು ‘ಚರ್ಚು’ಗಳ ಕಳ್ಳರೆಂದು ಅನುವಾದಿಸಿದರು. ಅಲ್ಲಿ ಮಾತು ನಡೆದಿದ್ದುದು ಅರ್ತೆಮೀದೇವಿಯ ಊರಿನಲ್ಲಿ.