ಗಡಸು ನೀರು ಮತ್ತು ಸರ್ಫ್ಯಾಕ್ಟಂಟ್ ದ್ರಾವಣಗಳ ಗಣಕ ಮಾದರಿ: ಘಟಪ್ರಭಾ ಸೀಮೆಯನ್ನು ಮುಂದಿಟ್ಟು ಒಂದು ವಿಚಾರ

ಸಾಬೂನು, ಮಾರ್ಜಕಗಳಂಥ ಸರ್ಫ್ಯಾಕ್ಟಂಟ್‌ಗಳ ದ್ರಾವಣಗಳ ಗಣಕ ಮಾದರಿಯನ್ನು ಕುರಿತ ಪಿಎಚ್.ಡಿ. ಪ್ರಬಂಧಗಳಲ್ಲಿ ನೀರೆಂದರೆ ಬಹುಮಟ್ಟಿಗೆ ಶುದ್ಧ ನೀರೇ. ಘಟಪ್ರಭಾ ಸೀಮೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಬಟ್ಟೆ ಒಗೆಯಲು, ಬೆಳೆಗೆ ಔಷಧ ಸಿಂಪಡಿಸಲು ಬಳಸುವ ನೀರು ಹಾಗಿರುವುದಿಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ನಿಲ್ಲುವುದು ಸಹ್ಯಾದ್ರಿಯ ಮಳೆನೀರು, ಅದು ಮೆದು. ಎರೆಮಣ್ಣಿನ ಸುಣ್ಣದ ಹರಳುಗಳ ನಡುವೆ ಇಳಿದು ಬಾವಿ, ಬೋರ್‌ವೆಲ್ ಸೇರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಕಾಲುವೆ ನೀರು ಮಿತಿಮೀರಿ ಸವಳು-ಜವಳಾದ ಹೊಲಗಳಲ್ಲಂತೂ ಲವಣಗಳ ಲೆಕ್ಕವೇ ಬೇರೆ. ಈ ವ್ಯತ್ಯಾಸವನ್ನು ಮಾದರಿಯ ಕೊನೆಗೆ ಸೇರಿಸುವ ಸಣ್ಣ ತಿದ್ದುಪಡಿ ಎಂದು ಎಣಿಸಲಾಗದು. ಮಾದರಿಗೆ ಯಾವ ಪ್ರಶ್ನೆ ಕೇಳಬೇಕೆಂಬುದನ್ನೇ ಅದು ಬದಲಿಸುತ್ತದೆ ಎಂಬುದು ಈ ಲೇಖನದ ವಾದ.

ಸರ್ಫ್ಯಾಕ್ಟಂಟ್‌ಗಳಲ್ಲಿ ಸೋಡಿಯಂ ಡೋಡೆಸಿಲ್ ಸಲ್ಫೇಟನ್ನೇ ತೆಗೆದುಕೊಳ್ಳೋಣ. 25 ಡಿಗ್ರಿ ಸೆಲ್ಸಿಯಸ್‌ನ ಶುದ್ಧ ನೀರಿನಲ್ಲಿ ಇದರ ಸಾರತೆ ಲೀಟರಿಗೆ ಸುಮಾರು 8 ಮಿಲಿಮೋಲ್ ದಾಟಿದಾಗ ಅಣುಗಳು ಅರುವತ್ತರಷ್ಟು ಸಂಖ್ಯೆಯಲ್ಲಿ ಗುಂಪುಗೂಡಿ ಮಿಸೆಲ್ ಕಟ್ಟುತ್ತವೆ. ಆದರೆ ಇದರ ಕ್ಯಾಲ್ಸಿಯಂ ಲವಣ ನೀರಿನಲ್ಲಿ ಕರಗುವುದು ಅತ್ಯಲ್ಪ. ಅದರ ವಿಲೀನತಾ ಗುಣಲಬ್ಧ, ಮೋಲ್ ಲೆಕ್ಕದಲ್ಲಿ, ಒಂದು ಸಾವಿರ ಕೋಟಿಯಲ್ಲಿ 5 ಭಾಗದ ಆಸುಪಾಸಿನದು. ಕುಡಿಯುವ ನೀರಿನ ಭಾರತೀಯ ಮಾನಕವು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹವೆನ್ನುತ್ತದೆ. ಬೇರೆ ಮೂಲವಿಲ್ಲದಲ್ಲಿ 600ರವರೆಗೆ ಒಪ್ಪುತ್ತದೆ. ಆ 200 ಪೂರ್ತಿ ಕ್ಯಾಲ್ಸಿಯಂನದೆಂದುಕೊಂಡರೆ ಅದು 2 ಮಿಲಿಮೋಲ್. ಆಗ ಡೋಡೆಸಿಲ್ ಸಲ್ಫೇಟ್ ಸುಮಾರು 0.5 ಮಿಲಿಮೋಲ್ ಮುಟ್ಟುತ್ತಿದ್ದಂತೆ ಪ್ರಕ್ಷೇಪವಾಗಿ ಬೇರ್ಪಡಬಹುದು. ಅರ್ಧ ಪಾಲು ಮೆಗ್ನೀಸಿಯಂ ಎಂದರೂ ಈ ಮಿತಿ 0.7ಕ್ಕೆ ಏರೀತು, ಅಷ್ಟೆ. ಇದು ಒರಟು ಲೆಕ್ಕ, ಅಯಾನುಗಳ ಪರಸ್ಪರ ಪ್ರಭಾವವನ್ನು ಬಿಟ್ಟದ್ದು, ಆದರೂ 0.5ಕ್ಕೂ 8ಕ್ಕೂ ನಡುವಿನ ಅಂತರ ಅದರಿಂದ ಮುಚ್ಚಿಹೋಗುವುದಿಲ್ಲ. ಕುಡಿಯಲು ಒಳ್ಳೆಯದೆನಿಸುವ ನೀರಿನಲ್ಲೂ ಮಿಸೆಲ್ ಹುಟ್ಟುವ ಮೊದಲೇ ಗಸಿ ಹುಟ್ಟುತ್ತದೆ.

ಹಾಗಾದರೆ ಗಣಕ ಮಾದರಿಯಲ್ಲಿ ಅಣುಗಳನ್ನಿಡುವ ಕಾಲ್ಪನಿಕ ಪೆಟ್ಟಿಗೆಗೆ ಕ್ಯಾಲ್ಸಿಯಂ ಸೇರಿಸಿದರಾಯಿತಲ್ಲ ಎಂಬ ಮಾತು ಬರುತ್ತದೆ. ಪ್ರತಿ ಬದಿ 10 ನ್ಯಾನೋಮೀಟರ್ ಇರುವ ಪೆಟ್ಟಿಗೆಯಲ್ಲಿ ಸುಮಾರು 33,000 ನೀರಿನ ಅಣುಗಳು ಹಿಡಿಯುತ್ತವೆ. ಅದರಲ್ಲಿ 2 ಮಿಲಿಮೋಲ್ ಎಂದರೆ ಒಂದೇ ಒಂದು ಕ್ಯಾಲ್ಸಿಯಂ ಅಯಾನು. 8 ಮಿಲಿಮೋಲ್ ಎಂದರೆ ಐದು ಸರ್ಫ್ಯಾಕ್ಟಂಟ್ ಅಣುಗಳು. ಐದರಿಂದ ಮಿಸೆಲ್ ಆಗದು. ಆದ್ದರಿಂದ ಅರುವತ್ತನ್ನು ತುಂಬಿಸುತ್ತಾರೆ. ಸಾರತೆ 100 ಮಿಲಿಮೋಲಿಗೆ ಜಿಗಿಯುತ್ತದೆ. ತೆರೆಯ ಮೇಲೆ ಮಿಸೆಲ್ ಚೆಂದವಾಗಿ ಕಾಣುತ್ತದೆ, ಪ್ರಬಂಧದ ಮುಖಪುಟಕ್ಕೂ ಒಪ್ಪುತ್ತದೆ, ಆದರೆ ಬಾವಿನೀರಿನ ಬಗ್ಗೆ ಅದು ಪುರಾವೆಯಲ್ಲ. ಇಂಥ ಪೆಟ್ಟಿಗೆ ನಿಜವಾಗಿ ಬಲ್ಲ ವಿಷಯ ಬೇರೆ: ಮಿಸೆಲ್ಲಿನ ಮೇಲ್ಮೈಯಲ್ಲಿ ಯಾವ ಅಯಾನು ಎಷ್ಟು ಬಿಗಿಯಾಗಿ ನಿಲ್ಲುತ್ತದೆ, ನೀರು ಅಲ್ಲಿ ಹೇಗೆ ವರ್ತಿಸುತ್ತದೆ ಎಂಬುದು. ಬೆಂಗಳೂರಿನ ಬಾಲಸುಬ್ರಮಣಿಯನ್, ಸುಬ್ರತ ಪಾಲ್, ಬಿಮನ್ ಬಾಗ್ಚಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಮಾದರಿ. ಮಿಸೆಲ್ಲಿನ ಮೇಲ್ಮೈಯಲ್ಲಿರುವ ತಲೆಗುಂಪಿಗೂ (ಸರ್ಫ್ಯಾಕ್ಟಂಟ್ ಅಣುವಿನ ಆವೇಶವುಳ್ಳ ತುದಿಗೂ) ನೀರಿಗೂ ನಡುವಿನ ಹೈಡ್ರೋಜನ್ ಬಂಧ, ನೀರು-ನೀರಿನ ಬಂಧಕ್ಕಿಂತ ಬಹಳ ಹೆಚ್ಚು ಹೊತ್ತು ಬಾಳುತ್ತದೆಂದು ಅವರು ತೋರಿಸಿದರು. ಅಲ್ಲಿದ್ದ ಅಯಾನು ಒಂದೇ ಆವೇಶದ ಸೀಸಿಯಂ. ಎರಡು ಆವೇಶದ ಕ್ಯಾಲ್ಸಿಯಂ ಬಂದಾಗ ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕಾಗುತ್ತದೆ. ಕ್ಯಾಲ್ಸಿಯಂ ತಲೆಗುಂಪಿಗೆ ಅಂಟುವ ಮುಕ್ತ ಶಕ್ತಿಯನ್ನು ಪೆಟ್ಟಿಗೆಯಲ್ಲಿ ಅಳೆದು, ಅದನ್ನು ಉಷ್ಣಬಲವಿಜ್ಞಾನದ ಸಮೀಕರಣಗಳಿಗೆ ಕೊಟ್ಟರೆ, ಯಾವ ಗಡಸುತನಕ್ಕೆ ಎಲ್ಲಿ ಪ್ರಕ್ಷೇಪ ಎಂಬ ಗೆರೆ ಎಳೆಯಬಹುದು. ಸಾರತೆಯ ಅಂತರವನ್ನು ದಾಟಲು ನನಗೆ ಕಾಣುವ ಸರಿಯಾದ ದಾರಿ ಇದೇ.

ಆಕ್ಷೇಪವೊಂದು ಗಟ್ಟಿಯಾದುದು: ಅಣುಗಳ ನಡುವಿನ ಬಲಗಳನ್ನು ಲೆಕ್ಕಹಾಕುವ ಸಾಮಾನ್ಯ ಬಲಕ್ಷೇತ್ರಗಳಲ್ಲಿ ಕ್ಯಾಲ್ಸಿಯಂ ಋಣ ಆವೇಶಕ್ಕೆ ಅತಿಯಾಗಿ ಅಂಟಿಕೊಳ್ಳುತ್ತದೆ, ಹಾಗಾಗಿ ಆ ಮುಕ್ತ ಶಕ್ತಿಯನ್ನೇ ನಂಬಲಾಗದು. ಇದು ನಿಜ. ಅಯಾನಿನ ಆವೇಶವನ್ನು ಮುಕ್ಕಾಲಿಗೆ ಇಳಿಸುವ ತಿದ್ದುಪಡಿ ದೋಷವನ್ನು ತಗ್ಗಿಸುತ್ತದೆ, ನಿವಾರಿಸುವುದಿಲ್ಲ. ಹಲವು ಪರಮಾಣುಗಳನ್ನು ಒಂದೇ ಮಣಿಯಾಗಿ ಎಣಿಸುವ ಮಾರ್ಟಿನಿಯಂಥ ಒರಟು ಮಾದರಿಗೆ ಹೋದರೆ ವೇಗ ಸಿಗುತ್ತದೆ. ಆದರೆ ಅಲ್ಲಿ ಅಯಾನೂ ಅದರ ಸುತ್ತಲಿನ ನೀರೂ ಒಂದೇ ಮಣಿಯಲ್ಲಿ ಅಡಗಿರುವುದರಿಂದ, ಕ್ಯಾಲ್ಸಿಯಂ ನೀರನ್ನು ಕಳಚಿ ಸಲ್ಫೇಟನ್ನು ಮುಟ್ಟುವ ಘಟ್ಟವೇ ಕಾಣದು. ಇನ್ನು, ಬೀಕರಿನಲ್ಲಿ ಅಳೆಯಬಹುದಾದುದಕ್ಕೆ ಗಣಕವೇಕೆ ಎಂಬುವವರಿಗೆ ಉತ್ತರ ಸುಲಭ. ಬೀಕರು ಗೆರೆಯನ್ನು ತೋರಿಸುತ್ತದೆ; ತಲೆಗುಂಪಿಗೆ ಎಥಾಕ್ಸಿ ಕೊಂಡಿಗಳನ್ನು ಸೇರಿಸಿದರೆ ಆ ಗೆರೆ ಏಕೆ ಮೇಲೇರುತ್ತದೆಂಬುದನ್ನು ಅಣುವಿನ ಮಟ್ಟದಲ್ಲಿ ಬಿಡಿಸಲು ಮಾದರಿ ಬೇಕು. ಮಾದರಿ ಸರಿಯೋ ತಪ್ಪೋ ಎಂದು ಹೇಳುವುದಂತೂ ಬೀಕರೇ.

ಆದ್ದರಿಂದ ಶುದ್ಧ ನೀರಿನ 8 ಮಿಲಿಮೋಲ್ ಸಂಖ್ಯೆಯನ್ನು ಮರಳಿ ಪಡೆದೆವೆಂಬುದಷ್ಟನ್ನೇ ಪ್ರಬಂಧದ ಸಾಧನೆಯೆಂದು ಪರೀಕ್ಷಕರು ಒಪ್ಪಬಾರದು. ಪ್ರಕ್ಷೇಪದ ಗೆರೆಯನ್ನೂ ತೋರಿಸಿ ಎಂದು ಕೇಳಲಿ. ಆ ಗೆರೆಗೆ ಬೇಕಾದ ಗಡಸುತನದ ಅಂಕಿಗಳನ್ನು ಈ ಮೂರು ತಾಲ್ಲೂಕುಗಳ ಬಾವಿಗಳಿಂದ, ಬೇಸಿಗೆಯಲ್ಲೊಮ್ಮೆ ಮಳೆಗಾಲದ ನಂತರವೊಮ್ಮೆ, ಸಂಶೋಧಕರೇ ಅಳೆದು ತರಲಿ.