ಜೀಪಿನ ಮುಂದಿನ ಗ್ಲಾಸು: ಹುರಿ ಎಳೆದ ಕಾಲದಿಂದ ಗಮ್ ಹಚ್ಚುವ ಕಾಲದವರೆಗೆ

ಈ ಸಲ ಬೆಳೆ ವಿಷಯ ಅಲ್ಲ, ಗಾಡಿ ವಿಷಯ. ನಮ್ಮ ಕಡೆ ಹಳೇ ಜೀಪು ಇಟ್ಟುಕೊಂಡವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ತೋಟಕ್ಕೆ ಗೊಬ್ಬರ ಹೊರೋದಕ್ಕೆ, ಕೆಲಸದವರನ್ನು ಕರ್ಕೊಂಡು ಬರೋದಕ್ಕೆ ಅದೇ ಆಗಬೇಕು. ಮಳೆಗಾಲ ಹತ್ತಿರ ಬಂದಾಗ ಅವರಲ್ಲಿ ಯಾರಾದ್ರೂ ಕೇಳೋದು ಒಂದೇ ಪ್ರಶ್ನೆ: "ಗುಜರಿಯಲ್ಲಿ ಮುಂದಿನ ಗ್ಲಾಸು ಸಿಗ್ತದಂತೆ, ತಂದು ಮನೇಲೇ ಕೂರಿಸಬಹುದಾ ಮಾರಾಯ್ರೆ?" ಕೆಲವು ಗಾಡಿಗೆ ಧಾರಾಳವಾಗಿ ಕೂರಿಸಬಹುದು, ಕೆಲವಕ್ಕೆ ಕೈ ಹಾಕಲೇಬಾರದು. ಯಾವುದಕ್ಕೆ ಯಾಕೆ ಅಂತ ಗೊತ್ತಾಗಬೇಕಾದ್ರೆ ಈ ಗ್ಲಾಸು ಬಂದ ದಾರಿ ತಿಳ್ಕೊಳ್ಳಬೇಕು.

ಮೊದಮೊದಲ ಮೋಟಾರು ಗಾಡಿಗಳಿಗೆ ಮುಂದೆ ಗ್ಲಾಸೇ ಇರಲಿಲ್ಲ. ಓಡಿಸೋರು ಕಣ್ಣಿಗೆ ಕನ್ನಡಕ ಕಟ್ಟಿಕೊಳ್ತಿದ್ದರು. ವೇಗ ಹೆಚ್ಚಾದ ಹಾಗೆ ಧೂಳು, ಗಾಳಿ ತಡೆಯಲಿಕ್ಕೆ ಮನೆ ಕಿಟಕಿಗೆ ಹಾಕುವಂಥದೇ ಗ್ಲಾಸನ್ನು ಚೌಕಟ್ಟಿಗೆ ಸಿಕ್ಕಿಸಿದರು. ಧೂಳೇನೋ ನಿಂತಿತು. ಆದರೆ ಗಾಡಿ ಎಲ್ಲಾದರೂ ಗುದ್ದಿದರೆ ಆ ಗ್ಲಾಸು ಕತ್ತಿಯ ಹಾಗೆ ಚೂರಾಗಿ ಮುಖ, ಕುತ್ತಿಗೆ ಸೀಳುತ್ತಿತ್ತು. ಗುದ್ದಿನಲ್ಲಿ ಬದುಕಬೇಕಾದವರು ಗ್ಲಾಸಿನಿಂದ ಸತ್ತದ್ದುಂಟು.

ಇದಕ್ಕೆ ದಾರಿ ಸಿಕ್ಕಿದ್ದು ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಎಂಬ ರಸಾಯನಶಾಸ್ತ್ರಜ್ಞನಿಂದ. 1903ರಲ್ಲಿ ಅವನ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಬುರುಡೆ ಕೆಳಗೆ ಬಿತ್ತು, ಬಿರುಕು ಬಿಟ್ಟಿತು, ಚೂರು ಮಾತ್ರ ಚದುರಲಿಲ್ಲ. ಒಳಗಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಒಣಗಿ ತೆಳ್ಳಗೆ ಪೊರೆ ಕಟ್ಟಿತ್ತು, ಅದೇ ಚೂರುಗಳನ್ನು ಹಿಡಿದುಕೊಂಡಿತ್ತು. 1909ರಲ್ಲಿ ಅವನು ಪೇಟೆಂಟ್ ಮಾಡಿಸಿದ. ಎರಡು ಗಾಜು, ನಡುವೆ ಒಂದು ಪೊರೆ, ಒಟ್ಟು ಮೂರು ಪದರ. ಅದಕ್ಕೇ ಟ್ರಿಪ್ಲೆಕ್ಸ್ ಅಂತ ಹೆಸರು. ಮೊದಲ ಮಹಾಯುದ್ಧದಲ್ಲಿ ಸೈನಿಕರ ವಿಷಾನಿಲದ ಮುಖವಾಡದ ಕಣ್ಣಿಗೂ ಇಂಥ ಗಾಜನ್ನೇ ಹಾಕಿದರು. 1920ರ ದಶಕದ ಕೊನೆಗೆ ಫೋರ್ಡ್ ಕಂಪನಿ ತನ್ನ ಮಾಡೆಲ್ ಎ ಕಾರಿಗೆ ಇದನ್ನು ಹಾಕಿದ ಮೇಲೆ ಸಾಮಾನ್ಯರ ಗಾಡಿಗೂ ಬಂತು. ಆ ಹಳೇ ಪೊರೆ ಬಿಸಿಲಿಗೆ ಹಳದಿ ತಿರುಗುತ್ತಿತ್ತು. 1930ರ ದಶಕದ ಕೊನೆಗೆ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ ಬಂತು. ಇವತ್ತಿನ ಲ್ಯಾಮಿನೇಟೆಡ್ ಗ್ಲಾಸಿನೊಳಗೂ ಇರೋದು ಸಾಮಾನ್ಯವಾಗಿ ಅದೇ.

ಇನ್ನೊಂದು ಜಾತಿ ಟಫನ್ಡ್ ಗ್ಲಾಸು. ಗಾಜನ್ನು ಆರುನೂರು ಡಿಗ್ರಿಗೂ ಮೇಲೆ ಕಾಯಿಸಿ, ಗಾಳಿ ಊದಿ ಪಟಕ್ಕನೆ ತಣಿಸಿ ಮಾಡುವಂಥದ್ದು. ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಒಡೆದರೆ ಕಲ್ಲುಸಕ್ಕರೆಯಷ್ಟು ಸಣ್ಣ ಸಣ್ಣ ಹರಳಾಗ್ತದೆ, ಉದ್ದ ಚೂರು ಆಗೋದಿಲ್ಲ. ಪಕ್ಕದ ಬಾಗಿಲಿಗೆ ಇದು ಒಳ್ಳೇದು. ಮುಂದಕ್ಕೆ ಹಾಕಿದರೆ ತೊಂದರೆ: ಎದುರು ಲಾರಿ ಚಕ್ರದಿಂದ ಒಂದು ಜಲ್ಲಿ ಹಾರಿ ತಾಗಿದರೂ ಇಡೀ ಗ್ಲಾಸು ಒಮ್ಮೆಗೇ ಬೆಳ್ಳಗಾಗಿ ಮುಂದಿನ ರಸ್ತೆ ಕಾಣೋದಿಲ್ಲ. ಘಾಟಿ ತಿರುವಿನಲ್ಲಿ ಹಾಗಾದರೆ ಏನು ಗತಿ ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ದೇಶದಲ್ಲಿ ಮುಂದಿನ ಗ್ಲಾಸು ಲ್ಯಾಮಿನೇಟೆಡ್ಡೇ ಆಗಿರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ಸೇರಿದ್ದು 1993ರ ತಿದ್ದುಪಡಿಯಲ್ಲಿ. ಅದಾಗಿ ಮೂರು ವರ್ಷದ ನಂತರ ತಯಾರಾದ ಗಾಡಿಗಳಿಗೆ ಅದು ಕಡ್ಡಾಯ. ಅದಕ್ಕಿಂತ ಹಿಂದಿನ ಗಾಡಿಯಿಂದ ಬಿಚ್ಚಿದ ಗ್ಲಾಸು ಟಫನ್ಡ್ ಇರಬಹುದು. ಗುಜರಿಗೆ ಹೋಗೋರು ಈ ಇಸವಿ ನೆನಪಿಟ್ಟುಕೊಳ್ಳಿ.

ಈಗ ಜೀಪಿಗೆ ಬರೋಣ. ಅಮೆರಿಕದ ವಿಲ್ಲಿಸ್ ಜೀಪು 1941ರಲ್ಲಿ ಯುದ್ಧಕ್ಕೆಂದು ತಯಾರಾದದ್ದು. ಅದರ ಮುಂದಿನ ಗ್ಲಾಸು ಎರಡು ತುಂಡು, ಎರಡೂ ಚಪ್ಪಟೆ. ಇಡೀ ಚೌಕಟ್ಟು ಕೀಲಿನ ಮೇಲೆ ಮುಂದಕ್ಕೆ ಮಗುಚಿ ಬಾನೆಟ್ ಮೇಲೆ ಮಲಗುತ್ತಿತ್ತು. ಯುದ್ಧದ ನಂತರದ ಸಿಜೆ-3ಎ ಮಾಡೆಲಿನಿಂದ ಒಂದೇ ತುಂಡು ಗ್ಲಾಸಾಯಿತು. ಮಹೀಂದ್ರಾದವರು ಮುಂಬಯಿಯಲ್ಲಿ ಜೋಡಿಸಿ, ಆಮೇಲೆ ಇಲ್ಲೇ ತಯಾರಿಸಿದ ಜೀಪುಗಳು ಇದೇ ವಂಶದವು. ಗ್ಲಾಸು ಚಪ್ಪಟೆ, ಹಿಡಿದುಕೊಂಡಿರೋದು ರಬ್ಬರು. ಅಂಬಾಸಿಡರ್, ಪದ್ಮಿನಿ, ಮಾರುತಿ 800, ಓಮ್ನಿಗಳಲ್ಲಿ ಗ್ಲಾಸಿಗೆ ಬಾಗು ಬಂತು, ಆದರೆ ಹಿಡಿದದ್ದು ರಬ್ಬರೇ. ನಮ್ಮ ಮೇಸ್ತ್ರಿಗಳು ಇದಕ್ಕೆ ಬೀಡಿಂಗ್ ಅಂತಾರೆ.

ಈ ರಬ್ಬರಿನ ಕಾಲದ ಗ್ಲಾಸನ್ನು ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು, ಅದೂ ಮನೆ ಅಂಗಳದಲ್ಲಿ. ಬಿಚ್ಚುವಾಗ ಹಳೇ ರಬ್ಬರ್ ಉಳಿಸಲಿಕ್ಕೆ ನೋಡಬೇಡಿ. ಹೊರಗಿನ ತುಟಿಯನ್ನು ಹರಿತ ಚಾಕುವಿನಿಂದ ಸುತ್ತಲೂ ಕೊಯ್ದರೆ ಗ್ಲಾಸು ಸಲೀಸಾಗಿ ಬರ್ತದೆ. ಕೈಗೆ ಚರ್ಮದ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ತರುವಾಗ ಮಲಗಿಸಬೇಡಿ, ಗೋಣಿಚೀಲ ಹಾಸಿ ಅಂಚಿನ ಮೇಲೆ ನಿಲ್ಲಿಸಿ ಕಟ್ಟಿ.

ಕೊಳ್ಳುವ ಮೊದಲು ನೋಡಬೇಕಾದ್ದು: ಅಂಚಿನಲ್ಲಿ ನಡುವೆ ಸಣ್ಣ ಗೆರೆ ಕಂಡರೆ ಅದು ಲ್ಯಾಮಿನೇಟೆಡ್, ಮೂಲೆಯ ಮುದ್ರೆಯನ್ನೂ ಓದಿ. ಅಂಚು ಚಕ್ಕೆ ಎದ್ದಿದ್ದರೆ ಬೇಡ, ಬಿರುಕು ಅಲ್ಲಿಂದಲೇ ಓಡ್ತದೆ. ಸುತ್ತ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಪದರ ಬಿಟ್ಟಿದೆ ಅಂತ ಅರ್ಥ. ವೈಪರ್ ಗೀರಿದ್ದನ್ನು ಹಗಲು ನೋಡಿದರೆ ತಿಳಿಯೋದಿಲ್ಲ. ಎದುರಿನಿಂದ ಟಾರ್ಚ್ ಬಿಡಿಸಿ ನೋಡಿ. ರಾತ್ರಿ ಮಳೆಯಲ್ಲಿ ಎದುರು ಗಾಡಿಯ ಲೈಟಿಗೆ ಅದೇ ಗೀರು ಕಣ್ಣು ಕಟ್ಟಿಸ್ತದೆ.

ಕೂರಿಸುವ ಮೊದಲು ಚೌಕಟ್ಟಿನ ತುಕ್ಕು ಕೆರೆದು ಪೇಂಟ್ ಹೊಡೆಯಿರಿ. ತುಕ್ಕಿನ ಗಂಟು ಉಳಿದರೆ ಗ್ಲಾಸು ಅಲ್ಲೇ ಒತ್ತಿ ಬಿರಿಯುತ್ತೆ. ಹೊಸ ಬೀಡಿಂಗನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿ ಗ್ಲಾಸಿಗೆ ತೊಡಿಸಿ. ಚೌಕಟ್ಟಿನ ತಗಡು ಕೂರುವ ಗಾಡಿಯೊಳಗೆ ಒಂದು ಹುರಿ ಸುತ್ತಲೂ ಇಟ್ಟು, ಅದರ ಎರಡು ತುದಿ ಕೆಳಗೆ ನಡುವೆ ಒಂದರ ಮೇಲೊಂದು ದಾಟಿ ಗಾಡಿಯ ಒಳಗೆ ಬರಲಿ. ಸೋಪಿನ ನೀರು ಹಚ್ಚಿ. ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಒತ್ತಬೇಕು, ಇನ್ನೊಬ್ಬರು ಒಳಗಿನಿಂದ ಹುರಿ ಎಳೆಯುತ್ತಾ ಹೋಗಬೇಕು. ಎಳೆದ ಹಾಗೆ ರಬ್ಬರಿನ ತುಟಿ ತಗಡನ್ನು ದಾಟಿ ಒಳಗೆ ಮಗುಚಿಕೊಳ್ಳುತ್ತೆ. ಅವಸರ ಬೇಡ, ಗುದ್ದೋದಂತೂ ಬೇಡವೇ ಬೇಡ.

ಜೀಪಿನ ಚಪ್ಪಟೆ ಗ್ಲಾಸು ಗುಜರಿಯಲ್ಲಿ ಸಿಗದಿದ್ದರೆ ಲ್ಯಾಮಿನೇಟೆಡ್ ಹಾಳೆಯನ್ನೇ ಅಳತೆಗೆ ಕತ್ತರಿಸಿಕೊಡ್ತಾರೆ. ಟಫನ್ಡ್ ಗ್ಲಾಸನ್ನು ಕತ್ತರಿಸಲಿಕ್ಕೇ ಆಗೋದಿಲ್ಲ. ಅಗ್ಗ ಅಂತ ಕಿಟಕಿ ಗ್ಲಾಸು ಹಾಕಿಸಿದ ಜೀಪುಗಳನ್ನು ನಾನು ನೋಡಿದ್ದೇನೆ. ಅದು ನೂರು ವರ್ಷ ಹಿಂದಕ್ಕೆ ಹೋದ ಹಾಗೆ.

ಇನ್ನು ಗಮ್ಮಿನ ಕಾಲ. 1960-70ರ ದಶಕಗಳಲ್ಲಿ ಹೊರದೇಶದ ಕಂಪನಿಗಳು ರಬ್ಬರು ಬಿಟ್ಟು ಗ್ಲಾಸನ್ನು ಬಾಡಿಗೇ ಅಂಟಿಸಲಿಕ್ಕೆ ಶುರು ಮಾಡಿದವು. ಈಗ ಹೊಸ ಕಾರು, ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಪಾಲಿಯುರೆಥೇನ್ ಗಮ್. ಅಂಟಿದ ಗ್ಲಾಸು ಗಾಡಿ ಮೈಯ ಒಂದು ಅಂಗ ಇದ್ದ ಹಾಗೆ. ಗಾಡಿ ಮಗುಚಿದಾಗ ಮೇಲ್ಛಾವಣಿ ಕುಸಿಯದ ಹಾಗೆ ಅದೂ ಹೆಗಲು ಕೊಡ್ತದೆ. ಹೆಚ್ಚಿನ ಗಾಡಿಗಳಲ್ಲಿ ಎಡಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಗ್ಲಾಸಿಗೆ ಒರಗಿಯೇ ನಿಲ್ಲೋದು. 2021ರ ಏಪ್ರಿಲ್‌ನಿಂದ ಹೊಸ ಮಾಡೆಲ್ ಕಾರುಗಳಿಗೆ ಆ ಏರ್‌ಬ್ಯಾಗ್ ಕಡ್ಡಾಯ. ಗಮ್ ಸರಿಯಾಗಿ ಹಿಡಿಯದಿದ್ದರೆ ಗ್ಲಾಸೇ ಹೊರಗೆ ಹಾರುತ್ತೆ, ಬ್ಯಾಗು ಇದ್ದೂ ಇಲ್ಲದ ಹಾಗೆ. ಇಂಥ ಗ್ಲಾಸು ಬಿಚ್ಚಲಿಕ್ಕೆ ತಂತಿಯಿಂದ ಗಮ್ ಕೊಯ್ಯಬೇಕು, ಆಗಲೇ ಬಿರಿಯುವುದುಂಟು. ಕೂರಿಸಲಿಕ್ಕೆ ಪ್ರೈಮರ್ ಬೇಕು, ಗಮ್ ಗಟ್ಟಿಯಾಗುವವರೆಗೆ ಗಾಡಿ ನಿಲ್ಲಿಸಬೇಕು. ಇದು ಅಂಗಳದ ಕೆಲಸ ಅಲ್ಲ. ಹೊಸ ಗ್ಲಾಸು ತಂದು ಬಲ್ಲವರ ಕೈಯಲ್ಲೇ ಹಾಕಿಸಿ. ಇನ್ಶೂರೆನ್ಸ್ ಇದ್ದರೆ ಮೊದಲು ಅದನ್ನು ಕೇಳಿ.

ಲೆಕ್ಕ ಇಷ್ಟೇ. ಗಾಡಿ ಹತ್ತಿರ ಹೋಗಿ ಗ್ಲಾಸಿನ ಸುತ್ತ ಬೆರಳಾಡಿಸಿ. ದಪ್ಪ ರಬ್ಬರು ಸಿಕ್ಕಿದರೆ ಒಬ್ಬ ನೆಂಟ, ಒಂದು ಹುರಿ, ಒಂದು ಮಧ್ಯಾಹ್ನ ಸಾಕು. ಗ್ಲಾಸು ಬಾಡಿಗೇ ಅಂಟಿಕೊಂಡಿದ್ದರೆ ಗುಜರಿಯ ದಾರಿ ಬಿಡಿ. ಎಡಸೀಟಿನಲ್ಲಿ ಕೂರೋದು ಹೆಚ್ಚಾಗಿ ನಮ್ಮ ಮನೆಯವರೇ.